ಕೊಂಡುಕುರಿಗೆ ಮೊದಲು ಎರಡು ಸೆನ್ಸರ್, ಎರಡು ಚಕ್ರ

"ಊರು ಜಗಳೂರು, ಪ್ರಥಮ ಪಿಯು ವಿಜ್ಞಾನ. ರಂಗಯ್ಯನದುರ್ಗದ ಕೊಂಡುಕುರಿ ತರಹದ ಪ್ರಾಣಿಯನ್ನು ಗೇಮ್‌ನಲ್ಲಿ ಮಾಡಿ, ಮಿದುಳು ಕೊಟ್ಟು ನರವಿಜ್ಞಾನ ಕಲಿಯಬಹುದಾ?" ಅಂತ ಕೇಳಿದ್ದೀರಿ. (ಕೊಂಡುಕುರಿ ಅಂದರೆ ನಾಲ್ಕು ಕೊಂಬಿನ ಪುಟ್ಟ ಹುಲ್ಲೆ.)

ಕಲಿಯಬಹುದು. ಆದರೆ ಕೊಂಬು, ಕಾಲು, ಮೈಬಣ್ಣ ಬಿಡಿಸುತ್ತ ಕೂತರೆ ಗ್ರಾಫಿಕ್ಸ್ ಬರುತ್ತದೆಯೇ ಹೊರತು ನರವಿಜ್ಞಾನ ಬರುವುದಿಲ್ಲ. ಸದ್ಯಕ್ಕೆ ನಿಮ್ಮ ಕೊಂಡುಕುರಿ ಒಂದು ತ್ರಿಕೋನವಾಗಿರಲಿ. ಮುಂದೆ ಬೆಳಕು ಅಳೆಯುವ ಎರಡು ಸೆನ್ಸರ್, ಒಂದು ಎಡಕ್ಕೆ ಇನ್ನೊಂದು ಬಲಕ್ಕೆ ಸುಮಾರು 40 ಡಿಗ್ರಿ ಹೊರಳಿಸಿ. ಹಿಂದೆ ಎರಡು ಚಕ್ರ. ಸೆನ್ಸರಿಗೆ ಬೆಳಕು ಹೆಚ್ಚು ಬಿದ್ದಷ್ಟೂ ಅದರ ತಂತಿ ಸೇರಿದ ಚಕ್ರ ಜೋರಾಗಿ ತಿರುಗಲಿ. ಪ್ರೋಗ್ರಾಂ ಬರೆಯಲು ನೆಟ್‌ಲೋಗೋ ಆದರೂ ಸರಿ, ಪೈಥಾನ್ ಆದರೂ ಸರಿ, ಎರಡೂ ಉಚಿತ. ಕಾಲೇಜು ಲ್ಯಾಬಿನ ಹಳೇ ಕಂಪ್ಯೂಟರ್ ಸಾಕು. ಪ್ರತಿ ಹೆಜ್ಜೆಗೂ ಎಡ ಚಕ್ರದ ವೇಗದಿಂದ ಬಲ ಚಕ್ರದ ವೇಗ ಕಳೆಯಿರಿ, ಉಳಿದಷ್ಟು ಬಲಕ್ಕೆ ತಿರುಗಿಸಿ.

ಎಡ ಸೆನ್ಸರ್ ತಂತಿ ಎಡ ಚಕ್ರಕ್ಕೆ, ಬಲದ್ದು ಬಲಕ್ಕೆ ಹೋದರೆ ಪ್ರಾಣಿ ಬೆಳಕಿನಿಂದ ದೂರ ಓಡುತ್ತದೆ. ತಂತಿಗಳನ್ನು ಅಡ್ಡ ಹಾಕಿ, ಅದೇ ಪ್ರಾಣಿ ಬೆಳಕಿನ ಮೇಲೇ ನುಗ್ಗುತ್ತದೆ. ನರವಿಜ್ಞಾನಿ ವಾಲೆಂಟಿನೊ ಬ್ರೈಟನ್‌ಬರ್ಗ್ 1984ರಲ್ಲೇ ವಿವರಿಸಿದ ವಿಷಯ ಇದು. ಇದನ್ನು ಕಣ್ಣಾರೆ ನೋಡುವವರೆಗೆ ಒಂದು ನ್ಯೂರಾನ್ (ನರಕೋಶ) ಕೂಡ ಸೇರಿಸಬೇಡಿ.

ಆಮೇಲೆ ತಂತಿಯ ಮಧ್ಯೆ ನ್ಯೂರಾನ್ ಕೂರಿಸಿ. ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ ಅದು: ಹೊಯ್ದದ್ದು ಸೋರುತ್ತಿರುತ್ತದೆ, ಸೋರುವುದಕ್ಕಿಂತ ಬೇಗ ಹೊಯ್ದರೆ ಮಾತ್ರ ತುಂಬುತ್ತದೆ. ವಿಶ್ರಾಂತಿ ವೋಲ್ಟೇಜ್ −70 ಮಿಲಿವೋಲ್ಟ್, ಸ್ಪೈಕ್ (ನರಕೋಶದ ಕ್ಷಣಿಕ ವಿದ್ಯುತ್ ಮಿಡಿತ) ಹೊಡೆಯುವ ಮಿತಿ −55, ಸೋರಿಕೆಯ ಕಾಲಾಂಕ (ಎಷ್ಟು ಬೇಗ ಸೋರುತ್ತದೆ ಎಂಬುದರ ಅಳತೆ) 20 ಮಿಲಿಸೆಕೆಂಡ್, ರೋಧ 10 ಮೆಗಾಓಮ್, ಸ್ಪೈಕ್ ಆದಮೇಲೆ ಮತ್ತೆ −70ಕ್ಕೆ ಇಳಿಸಿ 2 ಮಿಲಿಸೆಕೆಂಡ್ ಬಿಡುವು. 1.4 ನ್ಯಾನೋಆಂಪಿಯರ್ ಕೊಟ್ಟರೆ ವೋಲ್ಟೇಜ್ −56ರಲ್ಲೇ ನಿಲ್ಲುತ್ತದೆ, ಇಡೀ ದಿನ ಕಾದರೂ ಸ್ಪೈಕ್ ಬರುವುದಿಲ್ಲ. 2 ಕೊಟ್ಟರೆ ಸೆಕೆಂಡಿಗೆ ಸುಮಾರು 34 ಸ್ಪೈಕ್, 3 ಕೊಟ್ಟರೆ ಸುಮಾರು 63. ನಿಮ್ಮ ಕೋಡ್ ಈ ಸಂಖ್ಯೆಗಳನ್ನು ಕೊಡದಿದ್ದರೆ ಮುಂದೆ ಹೋಗಲೇಬೇಡಿ.

ಹೆಚ್ಚಿನವರು ಎಡವುವುದು ಇಲ್ಲೇ. ಗೇಮ್ ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ, ಅಂದರೆ ಫ್ರೇಮಿಗೆ ಸುಮಾರು 16.7 ಮಿಲಿಸೆಕೆಂಡ್. ಫ್ರೇಮಿಗೊಮ್ಮೆ ಮಾತ್ರ ನ್ಯೂರಾನ್ ಲೆಕ್ಕ ಹಾಕಿದರೆ ಸಂಖ್ಯೆಗಳೆಲ್ಲ ಅಡ್ಡಾದಿಡ್ಡಿ. ಪ್ರತಿ ಫ್ರೇಮಿನೊಳಗೆ 1 ಮಿಲಿಸೆಕೆಂಡಿನ 16-17 ಹೆಜ್ಜೆ ಹಾಕಿ. ಅಂದಹಾಗೆ, ನಿಮ್ಮ ಪಠ್ಯದ ಸೋಡಿಯಂ-ಪೊಟ್ಯಾಸಿಯಂ ಪಂಪ್ (3 ಸೋಡಿಯಂ ಅಯಾನು ಹೊರಗೆ, 2 ಪೊಟ್ಯಾಸಿಯಂ ಒಳಗೆ) ಈ ಮಾದರಿಯಲ್ಲಿ ಇಲ್ಲವೇ ಇಲ್ಲ. ಪರೀಕ್ಷೆಗೆ ಅದನ್ನು ಬೇರೆಯಾಗೇ ಓದಬೇಕು.

ಈಗ ಕೊಂಡುಕುರಿಗೆ ಬರೋಣ. ಬಲು ಅಂಜುಬುರುಕ, ಆದರೂ ನೀರಿನಿಂದ ದೂರ ಇರುವ ಪ್ರಾಣಿಯಲ್ಲ. ಆದ್ದರಿಂದ ಎರಡು ನ್ಯೂರಾನ್ ಇಡಿ: ಬಾಯಾರಿಕೆಯದು ಹೊಂಡದ ಕಡೆ ಎಳೆಯಲಿ, ಭಯದ್ದು ಹೊಂಡದ ಪಕ್ಕದ ನಾಯಿಯಿಂದ ದೂರ ತಳ್ಳಲಿ. ಹೀಗೇ ಬಿಟ್ಟರೆ ಪ್ರಾಣಿ ಅರ್ಧ ದಾರಿಯಲ್ಲಿ ಹಿಂದೆ ಮುಂದೆ ಆಡುತ್ತ ನಿಲ್ಲುತ್ತದೆ. ಒಂದು ಇನ್ನೊಂದನ್ನು ಅದುಮುವಂತೆ ಮಾಡಿ. ಆದರೆ ನೇರವಾಗಿ ಅಲ್ಲ, ನಡುವೆ ತಡೆಯುವ ನ್ಯೂರಾನ್ ಒಂದನ್ನು ಇಟ್ಟು. ಒಂದೇ ನ್ಯೂರಾನ್ ಒಂದು ಕಡೆ ಪ್ರಚೋದಿಸಿ ಇನ್ನೊಂದು ಕಡೆ ತಡೆಯುವುದನ್ನು ಕೋಡ್ ಒಪ್ಪುತ್ತದೆ. ಮಿದುಳಿನಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ.

ಅದುಮುವುದು ಅತಿಯಾದರೆ ಭಯ ಗೆದ್ದದ್ದು ಗೆದ್ದೇ ಇರುತ್ತದೆ, ನಾಯಿ ಕದಲದಿದ್ದರೆ ಪ್ರಾಣಿ ಬಾಯಾರಿ ಸಾಯುತ್ತದೆ. ಇದಕ್ಕೆ ಆಯಾಸ ಸೇರಿಸಿ: ಪ್ರತಿ ಸ್ಪೈಕಿಗೂ ಆ ನ್ಯೂರಾನಿನ ಮಿತಿ 0.2 ಮಿಲಿವೋಲ್ಟ್ ಏರಲಿ, 1 ಸೆಕೆಂಡಿನ ಕಾಲಾಂಕದಲ್ಲಿ ಇಳಿಯಲಿ. ಇಷ್ಟಾದರೆ ಸರದಿ ಬದಲಾಗುತ್ತದೆ. ಇದೇ ಜೋಡಿಯ ಕಾಲಾಂಕ ಕಡಿಮೆ ಮಾಡಿ, ಆಯಾಸ ಹೆಚ್ಚಿಸಿ ಎಡ-ಬಲ ಕಾಲಿಗೆ ಕೊಟ್ಟರೆ ನಡಿಗೆಯ ಲಯ ಸಿಗುತ್ತದೆ. ಬೆನ್ನುಹುರಿಯೇ ಇಂಥ ಲಯ ಹುಟ್ಟಿಸಬಲ್ಲದು ಎಂದು ವಿಜ್ಞಾನಿ ಗ್ರಹಾಂ ಬ್ರೌನ್ 1911ರಲ್ಲಿ ಬೆಕ್ಕುಗಳಲ್ಲಿ ತೋರಿಸಿದ್ದರು. ಕಾಲು ಬಿಡಿಸುವ ಆಸೆ ಇದ್ದರೆ ಈಗ ಬಿಡಿಸಿ.

ಕಲಿಕೆಯನ್ನು ಕೊನೆಗೆ ಇಟ್ಟುಕೊಳ್ಳಿ. ಒಟ್ಟಿಗೆ ಸ್ಪೈಕ್ ಹೊಡೆದ ನ್ಯೂರಾನ್‌ಗಳ ನಂಟು ಗಟ್ಟಿಯಾಗಲಿ ಎಂಬ ನಿಯಮವೊಂದನ್ನೇ ಹಾಕಿದರೆ ಎಲ್ಲ ಸಿನಾಪ್ಸ್‌ಗಳೂ (ನ್ಯೂರಾನ್‌ಗಳ ನಡುವಿನ ಬೆಸುಗೆಗಳು) ಗರಿಷ್ಠಕ್ಕೆ ಏರಿ ಪ್ರಾಣಿಗೆ ಫಿಟ್ಸ್ ಬಂದಂತಾಗುತ್ತದೆ. ಮೇಲ್ಮಿತಿ ಇಡಿ, ಬಹುಮಾನ ನಿರೀಕ್ಷೆಗಿಂತ ಹೆಚ್ಚು ಬಂದಾಗ ಮಾತ್ರ ಗಟ್ಟಿಮಾಡಿ. ಮಿದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕ ಬಿಡುವ ನ್ಯೂರಾನ್‌ಗಳು ಲೆಕ್ಕ ಹಿಡಿಯುವುದೂ ಆ ವ್ಯತ್ಯಾಸವನ್ನೇ.

ಸಾವಿರ ನ್ಯೂರಾನ್ ಬೇಕೆನಿಸಿದರೆ 1996ರ "ಕ್ರಿಯೇಚರ್ಸ್" ಗೇಮ್ ಇದೆ, ಅದರ ನಾರ್ನ್ ಎಂಬ ಪ್ರಾಣಿಗಳ ಮಿದುಳು ಸುಮಾರು ಅಷ್ಟು ದೊಡ್ಡದು. ಆದರೆ ಸಿ. ಎಲೆಗನ್ಸ್ ಎಂಬ ಪುಟ್ಟ ಹುಳುವಿನ 302 ನ್ಯೂರಾನ್‌ಗಳ ನಕ್ಷೆ 1986ರಲ್ಲೇ ಬಂದರೂ ಅದರ ನಡವಳಿಕೆ ಇನ್ನೂ ಪೂರ್ತಿ ಬಿಡಿಸಿಲ್ಲ. ನಿಮಗೆ ಹತ್ತು-ಹನ್ನೆರಡು ಸಾಕು.

ಪ್ರತಿ ಹಂತದಲ್ಲೂ ಒಂದು ತಂತಿ ಕಿತ್ತು ನೋಡಿ, ಏನಾಗುತ್ತದೆಂದು ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು. ಅಡ್ಡ ತಂತಿಯ ಪ್ರಾಣಿಯ ಎಡ ಸೆನ್ಸರ್ ಕಿತ್ತರೆ ಎಡ ಚಕ್ರ ಮಾತ್ರ ಉರುಳಿ ಅದು ಬಲಕ್ಕೆ ಸುತ್ತಬೇಕು. ಎಡಕ್ಕೆ ಸುತ್ತಿತೋ, ಕೋಡಿನಲ್ಲಿ ಎಲ್ಲೋ ಎಡಬಲ ಅದಲುಬದಲಾಗಿದೆ.