ಆಪ್ತಸಲಹೆ ಪ್ರಕರಣ: ಸೋಮವಾರವೇ ಯಾಕೆ ಜಾಸ್ತಿ ಮಳೆ?

(ಹುಡುಗನ ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅಪ್ಪ-ಅಮ್ಮ ಒಪ್ಪಿದ್ದಾರೆ. ಹುಡುಗನೂ ಒಪ್ಪಿದ, ಒಂದೇ ಷರತ್ತಿನ ಮೇಲೆ: ಅವನ ಲೆಕ್ಕವನ್ನು ನಾನು ತಪ್ಪಾಗಿ ಬರೆಯಬಾರದು.)

ಜುಲೈ ತಿಂಗಳು. ಮಡಿಕೇರಿಯ ನನ್ನ ಕೋಣೆಯ ಬಾಗಿಲಲ್ಲಿ ಮೂರು ಕೊಡೆ ನೀರು ಇಳಿಸುತ್ತಾ ನಿಂತಿದ್ದವು. ಒಳಗೆ ಅಪ್ಪ, ಅಮ್ಮ, ನಡುವೆ ಗಗನ್. 12 ವರ್ಷ, ಅನುದಾನಿತ ಕನ್ನಡ ಶಾಲೆಯಲ್ಲಿ 7ನೇ ಕ್ಲಾಸು. ಅಪ್ಪ ಕಾಫಿ ತೋಟದ ರೈಟರ್. ಬೆಳಿಗ್ಗೆ ಮಸ್ಟರ್ (ಕೆಲಸದವರ ಹಾಜರಿ) ತೆಗೆಯುವುದು, ಕೂಲಿ ಲೆಕ್ಕ, ಗೊಬ್ಬರದ ಸ್ಟಾಕು, ಜೊತೆಗೆ ದಿನಾ ಮಳೆ ಅಳೆದು ಲೆಡ್ಜರಿನಲ್ಲಿ ಬರೆಯುವುದು ಅವರ ಕೆಲಸ.

ಶಾಲೆಯ ದೂರು ಹೊಸದೇನಲ್ಲ. ಗಮನ ಇಲ್ಲ. ಲೆಕ್ಕದಲ್ಲಿ ಉತ್ತರ ಮಾತ್ರ ಬರೆಯುತ್ತಾನೆ, ಹಂತ ಬರೆಯುವುದಿಲ್ಲ. ಪಾಠದ ಮಧ್ಯೆ ಎದ್ದು ಸಂಬಂಧವೇ ಇಲ್ಲದ್ದು ಕೇಳುತ್ತಾನೆ. 5ನೇ ಕ್ಲಾಸಿನಲ್ಲಿ 90ರ ಹತ್ತಿರ ಇದ್ದ ಮಾರ್ಕ್ಸು ಈಗ 58ಕ್ಕೆ ಇಳಿದಿದೆ. ಅಪ್ಪ ಆಗಲೇ ಪರಿಹಾರ ಹುಡುಕಿಕೊಂಡೇ ಬಂದಿದ್ದರು. ಘಟ್ಟದ ಕೆಳಗೆ ಒಂದು ರೆಸಿಡೆನ್ಶಿಯಲ್ ಶಾಲೆ, 8ನೇ ಕ್ಲಾಸಿನಿಂದಲೇ ಐಐಟಿ ಫೌಂಡೇಶನ್. ಫೀಸಿಗೆ ಅಮ್ಮನ ಸರ ಅಡ ಇಡುವ ಮಾತೂ ಆಗಿತ್ತು. "ನೀವು ಒಂದು ಮಾತು ಹೇಳಿದ್ರೆ ಹೋಗ್ತಾನೆ ಮೇಡಂ" ಅಂದರು. ಅಮ್ಮ ಆ ದಿನ ಹೇಳಿದ್ದು ಒಂದೇ ವಾಕ್ಯ: "ಇವನಿಗೆ ಬುದ್ಧಿ ಇದೆ, ಬಾಯಿ ಇಲ್ಲ."

ಇಲ್ಲಿ ನನ್ನದೂ ಒಂದು ತಪ್ಪಿದೆ. ಮೊದಲ ಎರಡು ಭೇಟಿಯಲ್ಲಿ ನಾನು ಫೋನಿನ ಹಿಂದೆ ಬಿದ್ದೆ. ರಾತ್ರಿ ಎಷ್ಟು ಹೊತ್ತು ನೋಡ್ತಾನೆ, ಏನು ಆಡ್ತಾನೆ, ನಿದ್ದೆ ಹೇಗೆ. ಇತ್ತೀಚೆಗೆ ಬರುವ ಹತ್ತು ಮಕ್ಕಳಲ್ಲಿ ಹೆಚ್ಚಿನವರದು ಅದೇ ಕಥೆ, ನನಗೂ ಅಭ್ಯಾಸ ಆಗಿಹೋಗಿದೆ. ಅವರ ಮನೆಯಲ್ಲಿ ಸಿಗ್ನಲ್ ಸಿಗುವುದೇ ಅಂಗಳದ ಮೂಲೆಯಲ್ಲಿ, ಅದೂ ಮಳೆ ಇಲ್ಲದಾಗ. ಅದನ್ನು ಕೇಳಿ ತಿಳಿದುಕೊಳ್ಳಲು ನನಗೆ ಎರಡು ವಾರ ಬೇಕಾಯಿತು.

ಮೂರನೇ ಸಲ ಅವನೊಬ್ಬನನ್ನೇ ಕೂರಿಸಿಕೊಂಡೆ. ಮೇಜಿನ ಮೇಲೆ ಹಾಳೆ, ಪೆನ್ಸಿಲ್ ಇಟ್ಟು ಸುಮ್ನೆ ಕೂತೆ. ತುಂಬಾ ಹೊತ್ತು ಕಿಟಕಿ ನೋಡುತ್ತಿದ್ದವನು ಕೇಳಿದ: "ಮಿಸ್, ಮಳೆಗೆ ವಾರ ಗೊತ್ತಾಗುತ್ತಾ?"

ಗೊತ್ತಾಗಲ್ಲ ಅಂದೆ.

"ಮತ್ತೆ ನಮ್ಮ ತೋಟದಲ್ಲಿ ಸೋಮವಾರವೇ ಯಾಕೆ ಜಾಸ್ತಿ?"

ಅಪ್ಪನ ಹಳೆಯ ಲೆಡ್ಜರುಗಳಿಂದ 11 ವರ್ಷದ ಮಳೆಗಾಲವನ್ನು ಅವನು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದ. ಜೂನ್‌ನಿಂದ ಸೆಪ್ಟೆಂಬರ್ ಮಾತ್ರ, ಯಾಕೆಂದರೆ "ಬೇಸಿಗೆ ಸೇರಿಸಿದ್ರೆ ಸೊನ್ನೆ ಜಾಸ್ತಿ ಆಗುತ್ತೆ". ನಮ್ಮ ಕಡೆ ತೋಟದವರು ಮಳೆಯನ್ನು ಇಂಚು, ಸೆಂಟ್‌ನಲ್ಲೇ ಹೇಳುವುದು, ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟ್. ಪುಸ್ತಕದಲ್ಲಿ ಮಿಲಿಮೀಟರ್ ಇದೆ ಅಂತ ಪ್ರತಿಯೊಂದನ್ನೂ 25.4ರಿಂದ ಗುಣಿಸಿ ಪಕ್ಕದಲ್ಲಿ ಬರೆದಿದ್ದ. ಕ್ಯಾಲ್ಕುಲೇಟರ್ ಇಲ್ಲದೆ. ಸೋಮವಾರದ ಸರಾಸರಿ 1 ಇಂಚು 70 ಸೆಂಟ್. ಮಂಗಳವಾರದಿಂದ ಶನಿವಾರದವರೆಗೆ 88 ಸೆಂಟ್. 2018ರ ಆಗಸ್ಟ್ ಮಾತ್ರ ಲೆಕ್ಕದಲ್ಲಿ ಇರಲಿಲ್ಲ. ಕೇಳಿದ್ದಕ್ಕೆ, "ಅದು ಗುಡ್ಡ ಜಾರಿದ ವರ್ಷ. ಆ ತಿಂಗಳು ಸೇರಿಸಿದ್ರೆ ಸರಾಸರಿ ಸುಳ್ಳು ಹೇಳುತ್ತೆ, ಅದಕ್ಕೇ ಬೇರೆ ಹಾಳೆಯಲ್ಲಿ ಇಟ್ಟಿದ್ದೀನಿ" ಅಂದ. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಇದೇ ಪ್ರಶ್ನೆಯನ್ನು ಕ್ಲಾಸಿನಲ್ಲಿ ಕೇಳಿದ್ದನಂತೆ. ಎಲ್ಲರೂ ನಕ್ಕರು. ಅಂದಿನಿಂದ ಹುಡುಗರ ಬಾಯಲ್ಲಿ ಅವನ ಹೆಸರು 'ಸೋಮವಾರ'. ಆಮೇಲೆ ಅವನು ಕೈ ಎತ್ತುವುದನ್ನೇ ಬಿಟ್ಟ. ಒಂದು ಪರೀಕ್ಷೆಯಲ್ಲಿ ಬೇಕೆಂದೇ ಎರಡು ಲೆಕ್ಕ ತಪ್ಪು ಮಾಡಿದ್ದೂ ಹೌದು ಅಂತ ಒಪ್ಪಿಕೊಂಡ. ಫಸ್ಟ್ ಬಂದರೆ ಇನ್ನೂ ಜಾಸ್ತಿ ಕಾಡಿಸ್ತಾರೆ ಅಲ್ವಾ?

ಸೋಮವಾರದ ಗುಟ್ಟು ಅವನಿಗೆ ಆಗಲೇ ಗೊತ್ತಾಗಿತ್ತು. ಭಾನುವಾರ ರಜೆ. ಅಳೆಯುವವರು ಯಾರೂ ಇಲ್ಲ. ಎರಡು ದಿನದ ನೀರು ಸೋಮವಾರದ ಲೆಕ್ಕಕ್ಕೆ ಬೀಳುತ್ತದೆ. ಹಳೆಯ ಲೆಡ್ಜರುಗಳಲ್ಲಿ ಭಾನುವಾರದ ಚೌಕದಲ್ಲಿ ಒಂದು ಗೆರೆ ಇತ್ತು. ಮ್ಯಾನೇಜರ್ ಬದಲಾಗಿ 'ಖಾಲಿ ಬಿಡಬೇಡಿ' ಅಂದ ಮೇಲೆ ಅಲ್ಲಿ ಸೊನ್ನೆ ಬಂದಿದೆ. "ಗೆರೆ ಅಂದ್ರೆ ಅಳೆದಿಲ್ಲ ಅಂತ. ಸೊನ್ನೆ ಅಂದ್ರೆ ಮಳೆ ಬಂದಿಲ್ಲ ಅಂತ. ಬಂದಿತ್ತು ಮಿಸ್." ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ, "ಅಪ್ಪನಿಗೆ ಹೇಳಬೇಡಿ" ಅಂದ.

ಹುಡುಗ ತಿಂಗಳುಗಟ್ಟಲೆ ಹೊತ್ತುಕೊಂಡಿದ್ದ ಭಾರ ಇದು. ಬೋರ್ಡಿನ ಮೇಲಿನ ಲೆಕ್ಕ ಅವನಿಗೆ ತೀರಾ ಸುಲಭ. ತಲೆಯಲ್ಲಿರುವ ಲೆಕ್ಕವನ್ನು ಯಾರ ಮುಂದೆಯೂ ಹೇಳುವಂತಿಲ್ಲ.

ಇಂಥ ಮಕ್ಕಳ ಬಗ್ಗೆ ಕೆಲಸ ಮಾಡಿದ ಅಮೆರಿಕದ ಜೋಸೆಫ್ ರೆಂಜುಲಿ 1978ರಲ್ಲೇ ಒಂದು ಮಾತು ಹೇಳಿದ್ದಾರೆ. ಸರಾಸರಿಗಿಂತ ಮೇಲಿನ ಸಾಮರ್ಥ್ಯ, ಹೊಸದಾಗಿ ಯೋಚಿಸುವ ಗುಣ, ಹಿಡಿದ ಕೆಲಸ ಬಿಡದ ಹಟ, ಈ ಮೂರೂ ಸೇರುವ ಕಡೆ ಪ್ರತಿಭೆಯನ್ನು ಹುಡುಕಬೇಕು ಅಂತ. ಮಾರ್ಕ್ಸ್ ಕಾರ್ಡಿನಲ್ಲಿ ಕಾಣುವುದು ಮೊದಲನೆಯದು ಮಾತ್ರ, ಅದೂ ಮಗು ಮನಸ್ಸು ಮಾಡಿ ಬರೆದರೆ. ಗಗನ್ ಹತ್ತಿರ ಮೂರೂ ಇದ್ದವು. ಆದರೆ 'ಪ್ರತಿಭಾವಂತ' ಅನ್ನುವ ಪದವನ್ನು ನಾನು ಅವನ ಮುಂದೆ ಬಳಸಲಿಲ್ಲ, ಮನೆಯಲ್ಲೂ ಬಳಸಬೇಡಿ ಅಂದೆ. ಆ ಹಣೆಪಟ್ಟಿ ಬಿದ್ದ ಮಕ್ಕಳು ಸೋಲುವ ಕೆಲಸಕ್ಕೆ ಕೈ ಹಾಕುವುದನ್ನೇ ಬಿಡುವುದನ್ನು ನೋಡಿದ್ದೇನೆ.

ಕೋಚಿಂಗ್ ಬೇಡ ಅಂತ ಅಪ್ಪನಿಗೆ ನೇರವಾಗಿಯೇ ಹೇಳಿದೆ. ಈ ಕ್ಲಾಸಿನದು ಸಾಕಾಗಿದೆ ಅನ್ನುವ ಹುಡುಗನಿಗೆ ಮುಂದಿನ ಕ್ಲಾಸಿನದನ್ನು ಅದೇ ಥರ ಬಡಿಸಿದರೆ ಹಸಿವು ಹೋಗುವುದಿಲ್ಲ. ಅವನಿಗೆ ಬೇಕಿರುವುದು ಕಷ್ಟದ ಪ್ರಶ್ನೆ, ಅದನ್ನು ಕೇಳಿ ನಗದ ಒಬ್ಬ ದೊಡ್ಡವರು. ಸರ ಕತ್ತಿನಲ್ಲೇ ಇರಲಿ ಅಂದಾಗ ಅಮ್ಮ ಮೊದಲ ಸಲ ನನ್ನ ಮುಖ ನೋಡಿದರು.

ಗಣಿತದ ಟೀಚರ್ ಜೊತೆ ಫೋನಿನಲ್ಲಿ ಮಾತಾಡಿದೆ. ಕೆಟ್ಟವರಲ್ಲ, ಐವತ್ತು ಮಕ್ಕಳ ಕ್ಲಾಸು. ಅವರಿಗೆ ಹೆಚ್ಚುವರಿ ಕೆಲಸ ಆಗದ ಒಂದು ಉಪಾಯ ಕೊಟ್ಟೆ. ಅಭ್ಯಾಸದ ಕೊನೆಯ, ಕಷ್ಟದ ಐದು ಲೆಕ್ಕವನ್ನು ಗಗನ್ ಮೊದಲೇ ಮಾಡಲಿ, ಹಂತ ಸಮೇತ. ನಾಲ್ಕು ಸರಿ ಬಂದರೆ ಉಳಿದದ್ದು ಮಾಫಿ. ಉಳಿದ ಹೊತ್ತಿನಲ್ಲಿ ತನ್ನ ನೋಟ್‌ಬುಕ್ಕಿನ ಕೆಲಸ. 7ನೇ ಕ್ಲಾಸಿನಲ್ಲಿ ಸರಾಸರಿ, ಮಧ್ಯಾಂಕದ ಪಾಠ ಹೇಗೂ ಇದೆ. ಅದು ಬಂದಾಗ ಪುಸ್ತಕದ ಕ್ರಿಕೆಟ್ ರನ್ನಿನ ಬದಲು ಮಳೆ ಲೆಕ್ಕ ಇಡಬಹುದಾ ಅಂದೆ. ಟೀಚರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತು ನಾನೂ ನಕ್ಕಿದ್ದೆ" ಅಂದರು.

ಇನ್ನು ಹೊರಗಿನ ಅವಕಾಶಗಳು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಇಂಥ ಮಕ್ಕಳಿಗೆ ಗಣಿತ, ವಿಜ್ಞಾನದ ಕೂಟಗಳು ಇರಬೇಕು ಅಂತ ಇದೆ. ಚೆನ್ನಾಗಿದೆ. ಆದರೆ ನಮ್ಮಲ್ಲಿ ನಾಲ್ಕೂವರೆ ಬಸ್ಸು ತಪ್ಪಿದರೆ ಮುಂದಿನದು ಕತ್ತಲಿಗೆ, ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಆನೆ. ಶಾಲೆ ಬಿಟ್ಟ ಮೇಲಿನ ಕೂಟ ಅನ್ನುವುದು ಇಲ್ಲಿ ನಡೆಯುವ ಮಾತಲ್ಲ. ಹಾಗಾಗಿ ಇರುವ ಜಾಗದಲ್ಲೇ ಆಗುವುದನ್ನು ಆರಿಸಿದೆವು.

ಮುಖ್ಯವಾದದ್ದು ಎನ್‌ಎಂಎಂಎಸ್, ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ. ಸರ್ಕಾರಿ, ಅನುದಾನಿತ ಶಾಲೆಯ 8ನೇ ಕ್ಲಾಸಿನ ಮಕ್ಕಳಿಗೆ. ಮನೆಯ ವರಮಾನ ವರ್ಷಕ್ಕೆ 3.5 ಲಕ್ಷ ಮೀರಿರಬಾರದು. ಬುದ್ಧಿಶಕ್ತಿಯದು 90 ಪ್ರಶ್ನೆ, ಪಾಠದ್ದು 90. ಪಾಸಾಗಿ ಪಟ್ಟಿಗೆ ಬಂದರೆ 9ರಿಂದ 12ನೇ ಕ್ಲಾಸಿನವರೆಗೆ ವರ್ಷಕ್ಕೆ 12,000 ರೂಪಾಯಿ. ಇದರಲ್ಲಿ ಒಂದು ಕೊಕ್ಕೆ ಇದೆ: 7ನೇ ಕ್ಲಾಸಿನಲ್ಲಿ ಶೇಕಡಾ 55 ಇರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ 5 ಕಡಿಮೆ. ಗಗನ್ ಬೇಕೆಂದೇ ತಪ್ಪು ಮಾಡುವ ಆಟ ಮುಂದುವರಿಸಿದರೆ ಪರೀಕ್ಷೆಗೆ ಕೂರುವ ಅವಕಾಶವೇ ಹೋಗುತ್ತದೆ. ಇದನ್ನು ಅವನಿಗೇ ಲೆಕ್ಕದ ಥರ ವಿವರಿಸಿದೆ. ಹಂತ ಬರೆಯುವುದಕ್ಕೆ ಒಪ್ಪಿದ್ದು ಆಗಲೇ.

ಗಾಳಿಬೀಡಿನ ನವೋದಯಕ್ಕೆ 6ನೇ ಕ್ಲಾಸಿನ ಪರೀಕ್ಷೆ ತಪ್ಪಿಹೋಗಿತ್ತು, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. 8ರಲ್ಲಿ ಓದುವಾಗ 9ನೇ ಕ್ಲಾಸಿಗೆ ಇನ್ನೊಂದು ಪರೀಕ್ಷೆ ಇದೆ, ಖಾಲಿ ಉಳಿದ ಸೀಟಿಗೆ ಮಾತ್ರ. ಕೂಡಿಗೆಯ ಸೈನಿಕ ಶಾಲೆಗೂ 9ಕ್ಕೆ ಸೇರಬಹುದು, ಆದರೆ ಇವನಿಗೆ ಆ ಶಿಸ್ತು ಹೊಂದುತ್ತದೆ ಅಂತ ನನಗೆ ಅನ್ನಿಸಲಿಲ್ಲ. ಇನ್‌ಸ್ಪೈರ್ ಮಾನಕ್‌ಗೆ (ಮಕ್ಕಳ ಹೊಸ ಐಡಿಯಾಗಳಿಗೆ ಕೇಂದ್ರ ಸರ್ಕಾರದ ಯೋಜನೆ) ಶಾಲೆಯಿಂದ ಐದು ಐಡಿಯಾ ಕಳಿಸಬಹುದು, ಆಯ್ಕೆಯಾದರೆ 10,000 ರೂಪಾಯಿ. ಹೆಡ್‌ಮಾಸ್ಟರೇ ಆನ್‌ಲೈನ್‌ನಲ್ಲಿ ಹಾಕಬೇಕು. ಭಾನುವಾರವೂ ತಾನಾಗಿ ಅಳೆಯುವ ಮಳೆಮಾಪಕ ಅಂತ ಗಗನ್ ಚಿತ್ರ ಬರೆಯಲು ಶುರು ಮಾಡಿದ್ದಾನೆ. ಒಲಿಂಪಿಯಾಡ್ ಗಣಿತ 8ನೇ ಕ್ಲಾಸಿನ ಮೇಲೆ ನೋಡೋಣ ಅಂದೆ. ಎಲ್ಲವನ್ನೂ ಒಟ್ಟಿಗೆ ತಲೆ ಮೇಲೆ ಹಾಕಿದರೆ ಅದೂ ಇನ್ನೊಂದು ಕೋಚಿಂಗೇ.

ಉಳಿದದ್ದು ಅಪ್ಪನ ಸೊನ್ನೆ. ನಾನು ಹೇಳಲ್ಲ, ನೀನೇ ಕೇಳು, ಆದರೆ "ಯಾಕೆ ಸುಳ್ಳು ಬರೆದ್ರಿ" ಅಂತ ಅಲ್ಲ, "ಹೇಗೆ ಅಳೀತೀರಿ" ಅಂತ ಕೇಳು ಅಂದಿದ್ದೆ. ಆಮೇಲೆ ಆದದ್ದನ್ನು ಅಪ್ಪನೇ ಹೇಳಿದರು. ಒಂದು ಸಂಜೆ ಮಗ ಕೇಳಿದ. ಹೇಳುತ್ತಾ ಹೋದವರು ಭಾನುವಾರಕ್ಕೆ ಬಂದಾಗ ನಿಂತರು. ಮಗನ ನೋಟ್‌ಬುಕ್ ತಿರುವಿ ನೋಡಿದರು. "ನನ್ನ ಹನ್ನೊಂದು ವರ್ಷ ಕೂತು ಓದಿದ್ದಾನೆ ಮೇಡಂ, ನಾನೇ ಒಂದು ಸಲ ತಿರುಗಿ ನೋಡಿರಲಿಲ್ಲ." ಕೊನೆಗೆ ಸಿಟ್ಟೋ ನಾಚಿಕೆಯೋ, "ಈ ಮಳೆಯಲ್ಲಿ ಭಾನುವಾರ ಗುಡ್ಡ ಹತ್ತಿ ನೀನು ಹೋಗ್ತೀಯಾ?" ಅಂದರಂತೆ.

"ಹೋಗ್ತೀನಿ" ಅಂದನಂತೆ ಇವನು.

ಸೆಪ್ಟೆಂಬರಿನಲ್ಲಿ ಬಂದಾಗ ಅವನ ಹೊಸ ತಕರಾರು ಶುರುವಾಗಿತ್ತು. ಹವಾಮಾನ ಇಲಾಖೆಯವರು ಮಳೆ ಅಳೆಯುವುದು ಬೆಳಿಗ್ಗೆ 8:30ಕ್ಕೆ. ಅಪ್ಪ ವಾರವಿಡೀ ಮಸ್ಟರ್ ಮುಗಿಸಿ ಏಳೂವರೆಗೇ ಅಳೆದುಬಿಡುತ್ತಾರೆ. ಅಪ್ಪ ನನ್ನ ಕಡೆ ತಿರುಗಿ, "ನೀವೇ ಹೇಳಿ ಮೇಡಂ, ಎಂಟೂವರೆಗೆ ನಾನು ಎಲ್ಲಿರ್ತೀನಿ, ತೋಟದ ಆ ತುದೀಲಿ" ಅಂದರು. ಗಗನ್ ಹಾಳೆ ಎಳೆದುಕೊಂಡು, ಒಂದು ಗಂಟೆಯ ವ್ಯತ್ಯಾಸದಿಂದ ಎಷ್ಟು ಸೆಂಟ್ ತಪ್ಪುತ್ತದೆ ಅಂತ ಬರೆಯತೊಡಗಿದ. ಹಂತ ಸಮೇತ.