ಬಿಲ್ ಆಗುವ ಮೊದಲೇ ಮಗುವಿಗೆ ಬಿಸ್ಕತ್ತು ಒಡೆದು ಕೊಡಬಹುದಾ?

ಮೂರು ವರ್ಷದ ಮಗ, ಸಂಜೆ ಆರೂವರೆಯ ಸೂಪರ್ ಮಾರ್ಕೆಟ್, ಬಿಸ್ಕತ್ತಿನ ರ‍್ಯಾಕ್ ಮುಂದೆ ರಂಪ. ಒಂದು ಪ್ಯಾಕೆಟ್ ಒಡೆದು ಕೊಟ್ಟರೆ ಸುಮ್ಮನಾಗುತ್ತಾನೆ, ಕೊನೆಗೆ ಹೇಗೂ ದುಡ್ಡು ಕೊಡುತ್ತೀರಿ. ಅತ್ತೆಗೆ ಮಾತ್ರ ಅದು ಕಳ್ಳತನದ ಹಾಗೆ ಕಾಣುತ್ತದೆ. ನಿಮ್ಮ ಪ್ರಶ್ನೆ ಇಷ್ಟು. ನಾನೂ ಒಡೆದು ಕೊಟ್ಟವಳೇ, ಬಾಗಿಲಲ್ಲಿ ಸಿಕ್ಕಿಬಿದ್ದವಳೂ ಹೌದು.

ಹತ್ತು ರೂಪಾಯಿಯ ಕ್ರೀಮ್ ಬಿಸ್ಕತ್ತು. ಮಗಳು ಟ್ರಾಲಿಯ ಸೀಟಿನಲ್ಲಿ ಕೂತು ಪೂರ್ತಿ ತಿಂದಳು. ಸುತ್ತ ಕಸದಬುಟ್ಟಿ ಇರಲಿಲ್ಲ, ಕವರಿನಿಂದ ಪುಡಿ ಉದುರುತ್ತಿತ್ತು, ಟ್ರಾಲಿಯಲ್ಲಿ ಕೊತ್ತಂಬರಿ, ಮೊಸರು ಎಲ್ಲ ಇತ್ತು. ಕವರನ್ನು ನಾಲ್ಕು ಮಡಿಕೆ ಮಾಡಿ ವ್ಯಾನಿಟಿ ಬ್ಯಾಗಿನ ಸೈಡ್ ಜಿಪ್ಪಿನೊಳಗೆ ಹಾಕಿದೆ. ಬಿಲ್ ಮಾಡಿಸುವಾಗ ಅದು ನೆನಪಿಗೇ ಬರಲಿಲ್ಲ. ಬಾಗಿಲಲ್ಲಿ ಬಿಲ್ಲಿಗೆ ತೂತು ಹೊಡೆಯುವ ಸೆಕ್ಯೂರಿಟಿಯವರು ಮಗುವಿನ ಕೆನ್ನೆ ನೋಡಿ ಪ್ರೀತಿಯಿಂದಲೇ ಕೇಳಿದರು: "ಏನ್ ತಿಂದೆ ಪುಟ್ಟಿ?" ಅವಳು ಅಷ್ಟೇ ಖುಷಿಯಿಂದ "ಬಿಚ್ಕತ್ತು" ಅಂದಳು. ಬಿಲ್ಲಿನಲ್ಲಿ ಬಿಸ್ಕತ್ತು ಇಲ್ಲ.

ಆಮೇಲಿನ ಮುಕ್ಕಾಲು ಗಂಟೆಯನ್ನು ವಿವರಿಸುವುದಿಲ್ಲ. ಕ್ಯಾಮೆರಾ ನೋಡಿದರು, ಒಂದು ಹಾಳೆಯಲ್ಲಿ ಬರೆಸಿಕೊಂಡರು, ನಮ್ಮತ್ತೆಯವರು ಪಕ್ಕದಲ್ಲೇ ನಿಂತಿದ್ದರು.

ಇಲ್ಲಿ ತಪ್ಪು ಯಾವುದು ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಎಲ್ಲರೂ ಬೇರೆ ಕಡೆ ಹುಡುಕುತ್ತಾರೆ. ಮಗುವಿಗೆ ಕೊಟ್ಟಿದ್ದರಿಂದ ನಾನು ಸಿಕ್ಕಿಕೊಳ್ಳಲಿಲ್ಲ. ಮರೆತದ್ದರಿಂದಲೂ ಅಲ್ಲ, ಮರೆವನ್ನು ಕೌಂಟರಿನಲ್ಲಿ ಇನ್ನೊಂದು ಹತ್ತು ರೂಪಾಯಿ ಕೊಟ್ಟು ಸರಿಮಾಡಬಹುದಿತ್ತು. ಕವರನ್ನು ನನ್ನ ಬ್ಯಾಗಿಗೆ ಹಾಕಿದ್ದು ತಪ್ಪು. ಆ ಕವರು ಕಸವಲ್ಲ. ಬಿಸ್ಕತ್ತು ಹೊಟ್ಟೆಗೆ ಹೋದ ಮೇಲೆ ಅಂಗಡಿಯ ಲೆಕ್ಕಕ್ಕೆ ಉಳಿದಿರುವ ಸರಕು ಅದೊಂದೇ: ಬಾರ್‌ಕೋಡ್, ಎಂಆರ್‌ಪಿ, ಎಲ್ಲ ಅದರ ಮೇಲೇ ಇರುತ್ತದೆ. ಟ್ರಾಲಿಯಲ್ಲಿ ಇದ್ದರೆ ಅದು ಬಿಲ್ ಆಗಬೇಕಾದ ವಸ್ತು, ಸ್ವಂತ ಬ್ಯಾಗಿನಲ್ಲಿ ಇದ್ದರೆ ಮುಚ್ಚಿಟ್ಟ ವಸ್ತು. ಕ್ಯಾಮೆರಾಗೆ ಕೈ ಕಾಣುತ್ತದೆ, ಮನಸ್ಸು ಕಾಣುವುದಿಲ್ಲ. ನಾಲ್ಕು ಮಡಿಕೆ, ಜಿಪ್ಪು ತೆಗೆದದ್ದು, ಹಾಕಿದ್ದು, ಜಿಪ್ಪು ಎಳೆದದ್ದು. ಅಚ್ಚುಕಟ್ಟುತನ ಅಂತ ನಾನು ಮಾಡಿದ ಒಂದೊಂದು ಕೆಲಸವೂ ಪರದೆಯ ಮೇಲೆ ಪಕ್ಕಾ ಕಳ್ಳಿಯ ಕೆಲಸದ ಹಾಗೇ ಕಂಡಿತು. ಮುದುಡಿ ಟ್ರಾಲಿಗೆ ಎಸೆದಿದ್ದರೆ ಬಿಲ್ಲಿಂಗಿನ ಹುಡುಗಿಯೇ ಎತ್ತಿ ಬಿಲ್ ಹೊಡೆಯುತ್ತಿದ್ದಳು.

ಕಳ್ಳತನವಾ ಅಂದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿಗೆ ಅಪ್ರಾಮಾಣಿಕ ಉದ್ದೇಶ ಬೇಕು. ಹಳೆಯ ದಂಡ ಸಂಹಿತೆಯಲ್ಲೂ ಹಾಗೇ ಇತ್ತು. ಏಳು ತುಂಬದ ಮಗು ಏನು ಮಾಡಿದರೂ ಅಪರಾಧವಲ್ಲ ಅಂತ 20ನೇ ಕಲಂ ಹೇಳುತ್ತದೆ. ದುಡ್ಡು ಕೊಡುವ ಮನಸ್ಸಿದ್ದರೆ ನೀವು ಕಳ್ಳರಲ್ಲ. ಆದರೆ ಆ ಮನಸ್ಸನ್ನು ಬಾಗಿಲಲ್ಲಿ ನಿಂತು ತೋರಿಸಬೇಕಾದವರು ನೀವೇ.

"ಹೇಗೂ ದುಡ್ಡು ಕೊಡುತ್ತೇವಲ್ಲ" ಅನ್ನುವ ನಿಮ್ಮ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಯ್ಯಂಗಾರ್ ಬೇಕರಿಯಲ್ಲಿ ಆಲೂಬನ್ ತಿಂದು ಕೈ ಒರೆಸಿಕೊಂಡು ಆಮೇಲೆ ದುಡ್ಡು ಕೊಡುತ್ತೇವೆ, ಯಾರೂ ಏನೂ ಅನ್ನುವುದಿಲ್ಲ. ಅಲ್ಲಿ ಬೇಕರಿಯವರೇ ಪೇಪರಿನ ಮೇಲಿಟ್ಟು ಕೈಗೆ ಕೊಟ್ಟಿರುತ್ತಾರೆ, ಎಷ್ಟು ಕೊಟ್ಟೆ ಅನ್ನುವುದು ಅವರ ತಲೆಯಲ್ಲಿರುತ್ತದೆ. ಸಂತೆಯಲ್ಲಿ ಬೆಲ್ಲದವನು ಚೂರು ಮುರಿದು "ರುಚಿ ನೋಡಿ" ಅಂತ ತಾನೇ ಕೊಡುತ್ತಾನೆ. ಸೂಪರ್ ಮಾರ್ಕೆಟಿನಲ್ಲಿ ಕೊಡುವ ಕೈಯೇ ಇಲ್ಲ, ತೆಗೆದುಕೊಳ್ಳುವ ಕೈ ಮಾತ್ರ. ಕಾನೂನು ಓದುವವರು 1953ರ ಇಂಗ್ಲೆಂಡಿನ ಬೂಟ್ಸ್ ಔಷಧಿ ಅಂಗಡಿಯ ಕೇಸನ್ನು ಇಲ್ಲೂ ಓದುತ್ತಾರೆ: ರ‍್ಯಾಕಿನಲ್ಲಿ ಜೋಡಿಸಿಟ್ಟ ಮಾತ್ರಕ್ಕೆ ವ್ಯಾಪಾರ ಆಗಲಿಲ್ಲ, ಗಿರಾಕಿ ಕೌಂಟರಿಗೆ ತಂದು ಅಂಗಡಿಯವರು ಒಪ್ಪಿದಾಗಲೇ ಆಗುವುದು. ಅಲ್ಲಿಯವರೆಗೆ ಬಿಸ್ಕತ್ತು ಅಂಗಡಿಯದು. ಆಸ್ಟ್ರೇಲಿಯಾದ ವುಲ್‌ವರ್ತ್ಸ್ 2015ರಲ್ಲಿ, ಬ್ರಿಟನ್ನಿನ ಟೆಸ್ಕೊ 2016ರಲ್ಲಿ ಮಕ್ಕಳಿಗೆ ಅಂಗಡಿಯೊಳಗೇ ತಿನ್ನಲು ಬುಟ್ಟಿಯಲ್ಲಿ ಬಿಟ್ಟಿ ಹಣ್ಣು ಇಡಲು ಶುರುಮಾಡಿದವು. ಅಲ್ಲಿಂದ ರಜೆಗೆ ಬಂದ ನೆಂಟರು "ನಮ್ಮಲ್ಲಿ ಎಲ್ಲರೂ ತಿನ್ನಿಸುತ್ತಾರೆ" ಅಂದರೆ, ಅಲ್ಲಿ ಬುಟ್ಟಿ ಇಟ್ಟವನು ಅಂಗಡಿಯವನೇ ಅನ್ನುವುದನ್ನು ಅವರಿಗೆ ನೆನಪಿಸಿ.

ಆ ಘಟನೆಯಾದ ಎರಡು ವರ್ಷಕ್ಕೆ ಬೇರೊಂದು ಅಂಗಡಿಯ ಬಿಲ್ಲಿಂಗ್ ಕೌಂಟರಿಗೆ ಕೆಲಸಕ್ಕೆ ಸೇರಿದೆ. ಹಾಗಾಗಿ ಕೌಂಟರಿನ ಆ ಕಡೆ ಏನು ಎಡವಟ್ಟಾಗುತ್ತದೆ ಅನ್ನುವುದನ್ನೂ ಹೇಳಬಲ್ಲೆ.

ತೂಕದ ಪದಾರ್ಥ ಕೊಡಲೇಬೇಡಿ. ಬಾಳೆಹಣ್ಣು, ದ್ರಾಕ್ಷಿ, ಖರ್ಜೂರ, ಬಿಡಿ ಕಡಲೆಬೀಜ ಇವೆಲ್ಲ ತರಕಾರಿ ವಿಭಾಗದ ತಕ್ಕಡಿಯಲ್ಲಿ ತೂಗಿ ಸ್ಟಿಕ್ಕರ್ ಅಂಟಿಸಿ ಬರುವಂಥವು. ಆ ಸ್ಟಿಕ್ಕರಿನ ಬಾರ್‌ಕೋಡ್ ಸಾಮಾನ್ಯವಾಗಿ 2ರಿಂದ ಶುರುವಾಗುತ್ತದೆ, ಅಂಗಡಿಯೇ ಸ್ವಂತಕ್ಕೆ ಮಾಡಿಕೊಂಡ ಕೋಡು, ಅದರೊಳಗೇ ತೂಕವೋ ಬೆಲೆಯೋ ಸೇರಿರುತ್ತದೆ. ಎಷ್ಟೋ ಅಂಗಡಿಗಳಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿ ತಕ್ಕಡಿಯೇ ಇರುವುದಿಲ್ಲ. ತೂಗುವ ಮೊದಲೇ ಎರಡು ಪಚ್ಚಬಾಳೆ ಹೊಟ್ಟೆಗೆ ಹೋದರೆ ಅದಕ್ಕೆ ದುಡ್ಡು ಕೊಡುತ್ತೇನೆಂದು ನೀವು ಹಟ ಹಿಡಿದರೂ ಬಿಲ್ ಮಾಡುವ ದಾರಿಯಿಲ್ಲ. ಸಿಪ್ಪೆ ತೂಗಿ ಅನ್ನುವವರೂ ಇದ್ದಾರೆ, ಸಿಪ್ಪೆ ಇಡೀ ಹಣ್ಣಿನ ಅರ್ಧದಷ್ಟೂ ತೂಗುವುದಿಲ್ಲ. ಅಂಥ ಪರಿಸ್ಥಿತಿ ಬಂದೇ ಬಂದರೆ ಸಿಪ್ಪೆ ಹಿಡಿದು ತಕ್ಕಡಿಯವರ ಹತ್ತಿರ ಹೋಗಿ, ಅದೇ ಗಾತ್ರದ ಎರಡು ಹಣ್ಣನ್ನು ಚಿಪ್ಪಿನ ಜೊತೆ ಇಟ್ಟು ತೂಗಿಸಿ ಸ್ಟಿಕ್ಕರ್ ಹಾಕಿಸಿಕೊಳ್ಳಿ, ಆಮೇಲೆ ಆ ಎರಡನ್ನು ವಾಪಸ್ ಇಡಿ.

ದ್ರಾಕ್ಷಿ ಬಗ್ಗೆ ಇನ್ನೊಂದು ಮಾತು, ಇದು ಬಿಲ್ಲಿನ ವಿಷಯವಲ್ಲ. ಐದರೊಳಗಿನ ಮಕ್ಕಳ ಗಂಟಲಿಗೆ ಇಡೀ ದ್ರಾಕ್ಷಿ ಬಿರಡೆ ಹಾಕಿದ ಹಾಗೆ ಕೂತುಬಿಡುತ್ತದೆ. ಉದ್ದುದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಬೇಕು, ಚಲಿಸುವ ಟ್ರಾಲಿಯಲ್ಲಿ ಅದು ಆಗುವ ಕೆಲಸವಲ್ಲ. ತೊಳೆದೂ ಇರುವುದಿಲ್ಲ. ಅಂಗಡಿಯಲ್ಲಿ ಜನ ಎಲ್ಲಕ್ಕಿಂತ ಧಾರಾಳವಾಗಿ ಕಿತ್ತು ಬಾಯಿಗಿಡುವುದೂ ದ್ರಾಕ್ಷಿಯನ್ನೇ, ನನಗದು ಇವತ್ತಿಗೂ ಅರ್ಥವಾಗಿಲ್ಲ.

ಆಫರಿನ ಕಟ್ಟು ಬಿಚ್ಚಬೇಡಿ. "ಮೂರು ಕೊಂಡರೆ ಒಂದು ಉಚಿತ" ಅಂತ ಪ್ಲಾಸ್ಟಿಕ್ ಸುತ್ತಿದ ಕಟ್ಟಿನ ಕೋಡು ಇರುವುದು ಹೊರಗಿನ ಆ ಹಾಳೆಯ ಮೇಲೆ. ಹಾಳೆ ಹರಿದು ಬಿಸಾಡಿದರೆ ಒಳಗಿನ ನಾಲ್ಕೂ ಬಿಡಿಬಿಡಿಯಾಗಿ ನಾಲ್ಕರ ಬೆಲೆಗೆ ಬಿಲ್ ಆಗುತ್ತವೆ. ಕೆಲವು ಸಲ ಒಳಗಿನದಕ್ಕೆ ಕೋಡೇ ಇರುವುದಿಲ್ಲ, ಆಗ ಇನ್ನೊಂದು ಕಟ್ಟು ಹುಡುಕಿ ತರಲು ಯಾರೋ ಓಡಬೇಕು, ನಿಮ್ಮ ಹಿಂದಿನ ಸಾಲು ಪೂರ್ತಿ ನಿಮ್ಮನ್ನೇ ನೋಡುತ್ತದೆ.

ಒಡೆಯಲೇಬೇಕಾದರೆ ಎಂಆರ್‌ಪಿ ಇರುವ ಒಂಟಿ ಪ್ಯಾಕೆಟ್ ಮಾತ್ರ. ಮೊದಲು ತಾರೀಖು ನೋಡಿ. ಒಡೆದ ಮೇಲೆ ಅವಧಿ ಮುಗಿದಿದೆ ಅಂತ ಗೊತ್ತಾದರೆ ಮಗುವಿಗೂ ಕೊಡುವ ಹಾಗಿಲ್ಲ, ರ‍್ಯಾಕಿಗೂ ಇಡುವ ಹಾಗಿಲ್ಲ. ಬಾರ್‌ಕೋಡ್ ಎಲ್ಲಿದೆ ನೋಡಿಕೊಂಡು ಅದರ ಎದುರು ತುದಿಯಿಂದ ಹರಿಯಿರಿ. ಸ್ಕ್ಯಾನರಿನ ಕೆಂಪು ಗೆರೆ ಕೋಡಿನ ಎಡತುದಿಯಿಂದ ಬಲತುದಿಗೆ ಒಮ್ಮೆ ಪೂರ್ತಿ ಹಾದರೆ ಸಾಕು. ಹಾಗಾಗಿ ಕೋಡಿನ ಮೇಲಿನ ಅರ್ಧ ಹರಿದುಹೋದರೂ ಓದುತ್ತದೆ, ಪಕ್ಕದ ಎರಡು ಗೆರೆ ಹೋದರೆ ಓದುವುದಿಲ್ಲ. ಆಗ ಕೆಳಗಿನ 13 ಅಂಕಿಯನ್ನು ಕೈಯಲ್ಲಿ ಒತ್ತಬೇಕು. ನಮ್ಮ ದೇಶದ ಸರಕಿಗೆ ಹೆಚ್ಚಾಗಿ 890 ಅಂತ ಶುರುವಾಗುತ್ತದೆ, ಬಿಲ್ಲಿಂಗಿನವರಿಗೆ ಅಷ್ಟು ಬಾಯಿಪಾಠ, ಉಳಿದ ಹತ್ತು ಅಂಕಿಯ ಮೇಲೆ ಮಗುವಿನ ಎಂಜಲು ಕ್ರೀಮು ಮೆತ್ತಿಕೊಂಡಿರುತ್ತದೆ. ಜ್ಯೂಸು, ಮೊಸರು, ಐಸ್‌ಕ್ರೀಮು ಬೇಡವೇ ಬೇಡ. 200 ಎಂಎಲ್ ಜ್ಯೂಸ್ ಡಬ್ಬಿಯನ್ನು ಮಗು ಮೊದಲ ಸಲ ಹಿಡಿದಾಗಲೇ ಅಮುಕುತ್ತದೆ, ಸ್ಟ್ರಾದಿಂದ ಚಿಮ್ಮಿದ್ದು ಅಕ್ಕಿ ಮೂಟೆಯ ಮೇಲೋ ನೆಲದ ಮೇಲೋ ಬೀಳುತ್ತದೆ, ಟೈಲ್ಸಿನ ಮೇಲೆ ಬಿದ್ದರೆ ಯಾರೋ ಜಾರುತ್ತಾರೆ.

ತಿಂದು ಮುಗಿದ ಕವರು ಟ್ರಾಲಿಯ ಸೀಟಿನಲ್ಲಿ, ಎಲ್ಲರಿಗೂ ಕಾಣುವ ಹಾಗಿರಲಿ. ಕೌಂಟರಿನಲ್ಲಿ ಎಲ್ಲಕ್ಕಿಂತ ಮೊದಲು ಅದನ್ನೇ ಇಡಿ, "ಇದನ್ನ ಮೊದಲು ಹೊಡೀರಿ, ಮಗು ತಿಂದುಬಿಟ್ಟಿದೆ" ಅನ್ನಿ. ಜೇಬಿನಲ್ಲಿ ಐವತ್ತು ರೂಪಾಯಿ ನಗದು ಇರಲಿ. ನೆಲಮಾಳಿಗೆಯ ಅಂಗಡಿಗಳಲ್ಲಿ ನೆಟ್‌ವರ್ಕ್ ಸಿಗದೆ ಯುಪಿಐ ಸುತ್ತುತ್ತಾ ನಿಂತರೆ ಉಳಿದದ್ದನ್ನೆಲ್ಲ ಬಿಟ್ಟು ಬರಬಹುದು, ತಿಂದದ್ದನ್ನು ಬಿಟ್ಟು ಬರುವ ಹಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅಭಿಪ್ರಾಯ ಒಡೆಯಬೇಡಿ ಅಂತಲೇ. ಒಳಗೆ ಹೋದ ತಕ್ಷಣ ಒಂದು ಪ್ಯಾಕೆಟ್ ತೆಗೆದುಕೊಂಡು ಅದೊಂದಕ್ಕೇ ಬಿಲ್ ಮಾಡಿಸಿ, ಬಾಗಿಲಿನವರಿಗೆ ತೋರಿಸಿ, ಬಿಲ್ಲನ್ನು ಮಗುವಿನ ಜೇಬಿಗೆ ಹಾಕಿ, ಆಮೇಲೆ ಖರೀದಿ ಶುರುಮಾಡಿ. ಭಾನುವಾರ ಸಂಜೆಯ ಸಾಲಿನಲ್ಲಿ ಇದು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಮೂರು ವರ್ಷದವನನ್ನು ಭಾನುವಾರ ಸಂಜೆ ಆರೂವರೆಗೆ, ಹಾಲು ಕುಡಿಸದೆ, ಬಿಸ್ಕತ್ತಿನ ರ‍್ಯಾಕ್ ಮುಂದೆ ತಂದು ನಿಲ್ಲಿಸಿದ್ದು ಅವನ ತಪ್ಪಲ್ಲವಲ್ಲ. ವಾರದ ದಿನ ಬೆಳಿಗ್ಗೆ ತಿಂಡಿಯಾದ ಮೇಲೆ ಹೋಗಿ. ಆಗದಿದ್ದರೆ ಮನೆಯಿಂದಲೇ ಡಬ್ಬಿಯಲ್ಲಿ ನಾಲ್ಕು ಬಿಸ್ಕತ್ತೋ ಪುರಿಯೋ ಹಾಕಿಕೊಂಡು ಹೋಗಿ, ಒಳಗೆ ಹೋಗುವಾಗಲೇ ಸೆಕ್ಯೂರಿಟಿಯವರ ಮುಂದೆ ಮುಚ್ಚಳ ತೆಗೆದು "ಮಗುವಿಗೆ ತಂದದ್ದು" ಅಂತ ತೋರಿಸಿಬಿಡಿ. ಸ್ಟೀಲ್ ಡಬ್ಬಿ ಒಳ್ಳೆಯದು, ಅದರ ಮೇಲೆ ಬಾರ್‌ಕೋಡ್ ಇರುವುದಿಲ್ಲ.