ಕಥೆ ಶುರು ಮಾಡುವುದು ಹೇಗೆ?

ತಲೆಯಲ್ಲಿ ಕಥೆ ಇದೆ, ಮೊದಲ ಸಾಲೇ ಬರುತ್ತಿಲ್ಲ ಅಂತ ಕೇಳಿದ್ದೀರಿ. ಸದ್ಯಕ್ಕೆ ಆ ಸಾಲನ್ನು ಬಿಟ್ಟುಬಿಡಿ. ಕಥೆಯಲ್ಲಿರುವ ಒಬ್ಬರನ್ನು ಹಿಡಿಯಿರಿ. ಅವರಿಗೆ ಈಗಲೇ ಏನು ಬೇಕು, ಅದಕ್ಕೆ ಏನು ಅಡ್ಡ ಅಂತ ನೋಡಿ.

ಹಾಸನದ ಬಸ್ಸು ಅಂದುಕೊಳ್ಳಿ. ಚಿಲ್ಲರೆ ಇಲ್ಲ ಅಂತ ಕಂಡಕ್ಟರ್ ಟಿಕೆಟ್ ಹಿಂದೆ '70' ಅಂತ ಬರೆದುಕೊಟ್ಟಿದ್ದಾರೆ. ಸರೋಜಮ್ಮ ಇಳಿಯುವ ಸ್ಟಾಪ್ ಹತ್ತಿರ ಬಂತು. ಕೇಳಬೇಕು, ಆದರೆ ಮುಂದಿನ ಸೀಟಿನಲ್ಲೇ ಬೀಗರು ಕೂತಿದ್ದಾರೆ. ಎಪ್ಪತ್ತು ರೂಪಾಯಿಗೆ ಬಾಯಿ ಮಾಡಿದ್ದನ್ನು ಅವರು ನೋಡಬಾರದು. ಕಥೆ ಶುರುವಾಯಿತು ಅಲ್ವಾ? ಸರೋಜಮ್ಮನ ವಯಸ್ಸು, ಮನೆ ಕಷ್ಟ ಯಾವುದನ್ನೂ ಮೊದಲೇ ಹೇಳಬೇಕಿಲ್ಲ. ಟಿಕೆಟ್ ಹಿಂದಿನ ಆ ಅಂಕಿಯೇ ಅರ್ಧ ಹೇಳುತ್ತದೆ.

'ಸೂರ್ಯ ಮುಳುಗುತ್ತಿದ್ದ' ಅಂತ ಶುರು ಮಾಡುವವರು ಜಾಸ್ತಿ. ನನಗಂತೂ ಅದು ಭಾಷಣಕ್ಕೆ ಮುಂಚೆ ಗಂಟಲು ಸರಿಮಾಡಿಕೊಂಡಂತೆ ಕೇಳಿಸುತ್ತದೆ. ಬಂದರೆ ಬರೆಯಿರಿ, ಆಮೇಲೆ ಹೊಡೆದುಹಾಕಿ.

'ನಾನು' ಅಂತ ಹೇಳಬೇಕೋ 'ಅವಳು' ಅಂತಲೋ? ಒಂದು ಪ್ಯಾರಾ ಎರಡೂ ಥರ ಬರೆದರೆ ಗೊತ್ತಾಗುತ್ತದೆ. ಕೊನೆ ಗೊತ್ತಿರಲೇಬೇಕು ಅಂತೇನಿಲ್ಲ. ಕರಡು ಮುಗಿದ ಮೇಲೆ ಮೊದಲ ಪುಟ ಬದಿಗಿಟ್ಟು ಓದಿ. ಎಷ್ಟೋ ಸಲ ಕಥೆ ಶುರುವಾಗುವುದೇ ಎರಡನೇ ಪುಟದಲ್ಲಿ.